ಕೈ ತೊಳೆದೆ ಎಂದರೆ ಎರಡು ಅಂಕ

ಬಾಯಲ್ಲಿ ಹೇಳಿದರೆ ಕೈ ತೊಳೆದಂತೆಯೇ ಲೆಕ್ಕ ಎಂದು ನನಗೆ ತಿಳಿಸಿಕೊಟ್ಟವರು ಒಬ್ಬ ಪ್ರೊಫೆಸರು. ಎಂಬತ್ತರ ದಶಕದ ಕೊನೆಯ ಮಾತು ಇದು. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ. ವಯಸ್ಸಾಗುತ್ತಾ ಸಿಟ್ಟು ತಾನಾಗಿ ಕಡಿಮೆಯಾಗುತ್ತದೆ ಎಂದು ಹೇಳುವವರುಂಟು. ನನಗೆ ಕಣ್ಣು ಮಂಜಾಗಿದೆ, ಮಂಡಿ ಹಿಡಿದುಕೊಂಡಿದೆ, ಸಿಟ್ಟು ಮಾತ್ರ ಇದ್ದ ಹಾಗೇ ಇದೆ.

ಆಗ ನಾನು ಆಂಧ್ರದ ಗಡಿಯ ಹಿಂದೂಪುರದಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಾಗಿದ್ದೆ. ಅದೇ ಟ್ರಸ್ಟಿನ ಇನ್ನೊಂದು ಚಿಕ್ಕ ಆಸ್ಪತ್ರೆ ಕಲ್ಯಾಣದುರ್ಗದಲ್ಲಿತ್ತು. ವಾರಕ್ಕೊಮ್ಮೆ ಬಸ್ಸು ಹತ್ತಿ ಸೋಮಂದೇಪಲ್ಲಿ, ಪೆನುಕೊಂಡ ದಾಟಿ ಅಲ್ಲಿಗೂ ಹೋಗಿ ಬರುತ್ತಿದ್ದೆ. ಎರಡೂ ಕಡೆಗೆ ಒಂದು ಮೆಡಿಕಲ್ ಕಾಲೇಜಿನಿಂದ ಹೌಸ್ ಸರ್ಜನ್‌ಗಳು ಬರುತ್ತಿದ್ದರು. ಪರೀಕ್ಷೆಗಳೆಲ್ಲ ಮುಗಿದು, ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳುವ ಮುಂಚೆ ಒಂದು ವರ್ಷ ಆಸ್ಪತ್ರೆಗಳಲ್ಲಿ ಕೆಲಸ ಕಲಿಯಬೇಕಾದ ಹುಡುಗ ಹುಡುಗಿಯರು ಅವರು.

ಕಲಿಯಬೇಕಾದವರು ಎಂದೆ. ಕಲಿತರೋ ಇಲ್ಲವೋ ಎಂದು ಯಾರೂ ನೋಡುತ್ತಿರಲಿಲ್ಲ. ಬಂದ ದಿನ ಮುಖ ತೋರಿಸಬೇಕು, ಹೋಗುವ ದಿನ ಸಹಿಗೆ ನಿಲ್ಲಬೇಕು, ಅಷ್ಟೇ. ನಡುವೆ ಕೆಲವರು ನಿಜವಾಗಿ ದುಡಿಯುತ್ತಿದ್ದರು, ಕೆಲವರು ರೂಮಿನಲ್ಲಿ ಕದ ಹಾಕಿಕೊಂಡು ಪಿ.ಜಿ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದರು. ಕೊನೆಗೆ ಇಬ್ಬರಿಗೂ ಒಂದೇ ಪದ: ತೃಪ್ತಿಕರ. ಆ ಪದ ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಯಾರಿಗೆ ತೃಪ್ತಿ? ಸೂಜಿ ಚುಚ್ಚಿಸಿಕೊಂಡವರನ್ನು ಯಾರಾದರೂ ಕೇಳಿದ್ದರೇ?

ಒಂದು ಬೇಸಿಗೆಯಲ್ಲಿ ಲೇಪಾಕ್ಷಿ ಕಡೆಯಿಂದ ಒಂದು ಮಗುವನ್ನು ಹಿಂದೂಪುರದ ಆಸ್ಪತ್ರೆಗೆ ತಂದರು. ವಾಂತಿ ಭೇದಿಯಾಗಿ ಮಗು ಬಾಡಿಹೋಗಿತ್ತು. ಚಿಕ್ಕ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು ಎಂಬ ಭೇದವಿಲ್ಲ, ಇದ್ದವರು ಓಡಬೇಕು. ನಾನು ಆಪರೇಷನ್‌ನಲ್ಲಿದ್ದೆ. ವಾರ್ಡಿನಲ್ಲಿದ್ದವನು ಕಾಲೇಜಿನಲ್ಲಿ ಚಿನ್ನದ ಪದಕ ಪಡೆದು ಬಂದಿದ್ದ ಒಬ್ಬ ಹೌಸ್ ಸರ್ಜನ್ ಹುಡುಗ. ನಾನು ಕೈಬಿಡುವಾಗಿ ಬಂದು ನೋಡಿದರೆ ಮಗುವಿನ ಎರಡೂ ಕೈ, ಎರಡೂ ಕಾಲು ಚುಚ್ಚಿ ಚುಚ್ಚಿ ನೀಲಿಯಾಗಿವೆ. ಡ್ರಿಪ್ಪು ಹತ್ತಿಲ್ಲ. ತಾಯಿ ಗೋಡೆಗೆ ತಲೆ ಆನಿಸಿಕೊಂಡು ಅಳುತ್ತಿದ್ದಾಳೆ. ಇವನು ಮಾತ್ರ ನನ್ನನ್ನು ಕಂಡ ಕೂಡಲೇ ನೆಟ್ಟಗೆ ನಿಂತು, ಇಷ್ಟು ತೂಕದ ಮಗುವಿಗೆ ಇಷ್ಟು ನೀರು, ಇಷ್ಟು ಉಪ್ಪು, ಮೊದಲ ಗಂಟೆಗೆ ಇಷ್ಟು, ಆಮೇಲೆ ಇಷ್ಟು ಎಂದು ಒಂದೂ ತಪ್ಪಿಲ್ಲದೆ ಒಪ್ಪಿಸಿದ. ನಾನು ಅವನನ್ನು ಪಕ್ಕಕ್ಕೆ ನೂಕಿ ಮಗುವಿನ ತಲೆಯಲ್ಲಿ ಒಂದು ನರ ಹುಡುಕಿ ಡ್ರಿಪ್ಪು ಹಾಕಿದೆ. ಮಗು ಉಳಿಯಿತು. ಆಮೇಲೆ ಅವನನ್ನು ಕೇಳಿದೆ, ಇದಕ್ಕೆ ಮುಂಚೆ ಮಕ್ಕಳಿಗೆ ಡ್ರಿಪ್ಪು ಹಾಕಿದ್ದೀಯಾ ಎಂದು.

“ನೋಡಿದ್ದೀನಿ ಮೇಡಂ,” ಎಂದ.

ನೋಡಿದ್ದಾನಂತೆ. ನಾನೂ ವಿಮಾನ ನೋಡಿದ್ದೇನೆ. ಅವನ ಮೇಲೆ ಬಂದ ಸಿಟ್ಟು ಸಂಜೆಯೊಳಗೆ ಅವನನ್ನು ದಾಟಿ ಅವನಿಗೆ ಪದಕ ಕೊಟ್ಟವರ ಮೇಲೆ ಹೋಗಿ ಕೂತಿತು. ಕಾಲೇಜಿನವರಿಗೆ ಬರೆದೆ: ಹೌಸ್ ಸರ್ಜನ್‌ಗಳಿಗೆ ಸಹಿ ಹಾಕಿ ಕಳಿಸುವ ಮುಂಚೆ, ಅವರ ಕೈಗೆ ಯಾವ ಕೆಲಸ ಬರುತ್ತದೆ, ಯಾವುದು ಬರುವುದಿಲ್ಲ ಎಂದು ನೋಡಿ ತಿಳಿದುಕೊಳ್ಳುವ ಒಂದು ಏರ್ಪಾಡು ಮಾಡೋಣ. ಕಾಲೇಜಿನವರು ಬೇಡ ಎನ್ನಲಿಲ್ಲ. ಮೊದಲು ಹೇಳಿದೆನಲ್ಲ, ಆ ಪ್ರೊಫೆಸರನ್ನು ಮುಂದಿಟ್ಟು ಒಂದು ಕಮಿಟಿ ಮಾಡಿದರು, ಹಳ್ಳಿ ಅನುಭವವಿದೆ ಎಂದು ನನ್ನನ್ನೂ ಸೇರಿಸಿದರು. ಪ್ರೊಫೆಸರು ಕೆಟ್ಟವರಲ್ಲ. ದನಿ ಏರಿಸುತ್ತಿರಲಿಲ್ಲ, ಎಲ್ಲರನ್ನೂ ತೆಲುಗಿನಲ್ಲಿ ಅಮ್ಮಾ, ನಾಯನಾ, ಅಂದರೆ ಅಪ್ಪಾ, ಎಂದೇ ಮಾತನಾಡಿಸುತ್ತಿದ್ದರು. ಕೆಟ್ಟವರಾಗಿದ್ದರೆ ಜಗಳಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಹಾಳೆಗಳನ್ನು ನಾನೇ ತಯಾರು ಮಾಡಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಹಾಳೆ. ಮಗುವಿಗೆ ಡ್ರಿಪ್ಪು ಹಾಕುವುದು, ಗಾಯ ಹೊಲಿಯುವುದು, ನೋವು ಬಂದ ಹೆಂಗಸನ್ನು ಪರೀಕ್ಷಿಸುವುದು, ಮಾತ್ರೆ ಹೇಗೆ ನುಂಗಬೇಕು ಎಂದು ಓದು ಬಾರದವರಿಗೆ ತಿಳಿಸುವುದು, ಹೀಗೆ. ಹಾಳೆಯ ಎಡಕ್ಕೆ ಕೆಲಸದ ಹೆಜ್ಜೆಗಳು, ಬಲಕ್ಕೆ ಎರಡೇ ಕಾಲಮ್ಮು: ಮಾಡಿದರು, ಮಾಡಲಿಲ್ಲ. ಪರೀಕ್ಷಕರು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ ಗುರುತು ಹಾಕಬೇಕು. ಪ್ರಶ್ನೆ ಕೇಳುವಂತಿಲ್ಲ, ಉತ್ತರ ಹೇಳುವಂತಿಲ್ಲ.

ಎಲ್ಲಕ್ಕಿಂತ ತಲೆ ತಿಂದದ್ದು ಕಾಯಿಲೆಯವರನ್ನು ಮಾತನಾಡಿಸುವ ಹಾಳೆ. ನಮ್ಮ ಕಡೆಯ ಜನ ಡಾಕ್ಟರ ಮುಂದೆ ಕೂತು ಬಾಯಿ ಬಿಡುವುದಿಲ್ಲ, ಕೈ ಚಾಚುತ್ತಾರೆ. ನಾಡಿ ಹಿಡಿದು ಡಾಕ್ಟರೇ ಕಾಯಿಲೆ ಹೇಳಬೇಕು. ಏನಾಗುತ್ತೆ, ಯಾವಾಗಿನಿಂದ ಎಂದು ಕೇಳಿದರೆ ಇವರಿಗೆ ಏನೂ ಬರುವುದಿಲ್ಲ ಎಂದು ಅರ್ಥ. ಒಬ್ಬ ಅಜ್ಜಿಯನ್ನು ಒಬ್ಬ ಹುಡುಗ ಪುಸ್ತಕದಲ್ಲಿದ್ದಂತೆ ಒಂದೊಂದಾಗಿ ಕೇಳುತ್ತಾ ಹೋದ. ಅಜ್ಜಿ ಚಾಚಿದ್ದ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

“ಎಲ್ಲಾ ನಾನೇ ಯೇಳಾದಾದ್ರೆ ನಿಮ್ಮತ್ರ ಯಾಕಪ್ಪ ಬತ್ತಿದ್ದೆ?” ಎಂದು ಎದ್ದೇ ಹೋದಳು.

ಅದಕ್ಕೇ ಆ ಹಾಳೆಯ ಮೊದಲ ಹೆಜ್ಜೆಯಾಗಿ, ಮೊದಲು ನಾಡಿ ಹಿಡಿಯಬೇಕು, ಹಿಡಿದುಕೊಂಡೇ ಕೇಳಬೇಕು ಎಂದು ಬರೆದೆ. ಕಮಿಟಿಯಲ್ಲಿ ಅದನ್ನು ಓದಿ ನಕ್ಕರು. ನಗಲಿ ಬಿಡಿ, ಆ ಹಾಳೆ ಹಿಡಿದು ಕಲಿತ ಹುಡುಗರ ಮುಂದೆ ಜನ ಬಾಯಿ ಬಿಟ್ಟರು.

ಮೊದಲ ಸಲ ಈ ಪರೀಕ್ಷೆಗೆ ನಿಲ್ಲಬೇಕಿದ್ದ ಹೌಸ್ ಸರ್ಜನ್‌ಗಳ ತಂಡದಲ್ಲಿ ಹಿಂದೂಪುರದ್ದೇ ಒಬ್ಬ ಹುಡುಗಿ ಇದ್ದಳು. ಮಗ್ಗದ ಮನೆಯವಳು. ಅವರ ಮನೆಯಲ್ಲಿ ಡಾಕ್ಟರಿರಲಿ, ಕಾಲೇಜು ಮುಗಿಸಿದವರೂ ಅವಳಿಗೆ ಮುಂಚೆ ಇರಲಿಲ್ಲ. ಮಾತು ಕಡಿಮೆ, ಹಟ ಜಾಸ್ತಿ. ಹೊಲಿಗೆ ಸರಿಯಾಗಿ ಬರುವವರೆಗೂ ದಿಂಬಿನ ಬಟ್ಟೆ ಹರಿದು ಹರಿದು ಹೊಲಿಯುತ್ತಿದ್ದಳು. ಹೆರಿಗೆ ವಿಭಾಗದಲ್ಲೇ ಮುಂದೆ ಓದಬೇಕು ಎಂಬ ಆಸೆ ಅವಳದು. ಆ ವರ್ಷದ ಪಿ.ಜಿ. ಪರೀಕ್ಷೆಗೆ ಕೂರಬೇಕಾದರೆ ನಮ್ಮ ಕಡೆಯಿಂದ ಕೆಲಸ ಮುಗಿಸಿದ ಸರ್ಟಿಫಿಕೇಟು ಬೇಕು. ನಮ್ಮ ಈ ಹೊಸ ಪರೀಕ್ಷೆ ಪಾಸಾದರೆ ಮಾತ್ರ ಆ ಸರ್ಟಿಫಿಕೇಟು. ಅವಳ ಇಡೀ ವರ್ಷ ನಮ್ಮ ಹಾಳೆಗಳ ಮೇಲೆ ನಿಂತಿತ್ತು.

ಹೆರಿಗೆ ಕೋಣೆಗೆ ಬರುವ ಮುಂಚೆ ಕೈ ತೊಳೆಯುವುದನ್ನು ನಾನು ಎಲ್ಲರಿಗೂ ಹೇಳಿಕೊಡುತ್ತಿದ್ದೆ. ಬಳೆ, ಉಂಗುರ, ವಾಚು ತೆಗೆದು, ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಅಂಚು ಬಿಡದೆ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಆಗಿನ ಗ್ಲೌಸುಗಳನ್ನು ಕುದಿಸಿ ಕುದಿಸಿ, ತೇಪೆ ಹಚ್ಚಿ ಹಚ್ಚಿ ಮತ್ತೆ ಹಾಕಿಕೊಳ್ಳುತ್ತಿದ್ದೆವು. ಯಾವ ಬೆರಳಿನಲ್ಲಿ ತೂತಿದೆ ಎಂದು ಗೊತ್ತಾಗುತ್ತಿರಲಿಲ್ಲ, ಗ್ಲೌಸಿನ ಒಳಗಿನ ಕೈಯೇ ಶುದ್ಧವಾಗಿರಬೇಕಿತ್ತು. ಉಳಿದವರು ಗೊಣಗುತ್ತಾ ಕಲಿತರು. ಅವಳಿಗೆ ಒಂದೇ ಸಲಕ್ಕೆ ಬಂತು.

“ನಮಗೆ ಇದು ಹೊಸದಲ್ಲ ಮೇಡಂ,” ಎಂದಳು. “ಬಿಳೀ ರೇಷ್ಮೆ ಮಗ್ಗಕ್ಕೆ ಏರಿಸಿದ್ರೆ ನಮ್ಮಪ್ಪ ಇಂಗೇ ತೊಳೆಸೋರು. ಕೈಯಲ್ಲಿ ಚೂರು ಬಣ್ಣ ಇದ್ರೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ.”

ಪರೀಕ್ಷೆಗೆ ಮುಂಚೆ ಕಮಿಟಿ ಕೊನೆಯ ಸಲ ಸೇರಿತು. ಹಾಳೆಗಳು ಅಚ್ಚಾಗಿ ಬಂದಿದ್ದವು. ಕೈಗೆ ತೆಗೆದುಕೊಂಡು ನೋಡುತ್ತೇನೆ, ಬಲಕ್ಕೆ ಮೂರು ಕಾಲಮ್ಮು! ಮಾಡಿದರು, ಮಾಡಲಿಲ್ಲ, ಹೇಳಿದರು. ಮಾಡಿದವರಿಗೂ ಎರಡು ಅಂಕ, ಹೇಳಿದವರಿಗೂ ಎರಡು ಅಂಕ. ಇದೇನು ಎಂದು ಕೇಳಿದೆ. ಪ್ರೊಫೆಸರು ಮಗುವಿಗೆ ತಿಳಿಹೇಳುವಂತೆ ತಿಳಿಹೇಳಿದರು. ಎಲ್ಲಾ ಕಡೆ ಎಲ್ಲಾ ಸಾಮಾನು ಇರುವುದಿಲ್ಲ. ನಲ್ಲಿ ಇದ್ದರೆ ನೀರಿರುವುದಿಲ್ಲ, ನೀರಿದ್ದರೆ ಸೋಪಿರುವುದಿಲ್ಲ. ಒಬ್ಬೊಬ್ಬರೂ ಕೈ ತೊಳೆಯುತ್ತಾ ನಿಂತರೆ ಹೊತ್ತು ಮುಳುಗುತ್ತದೆ. ಹಾಗಾಗಿ, ‘ನಾನೀಗ ಕೈ ತೊಳೆಯುತ್ತೇನೆ’ ಎಂದು ಹೇಳಿದರೆ ಗೊತ್ತಿದೆ ಎಂದಾಯಿತಲ್ಲ.

“ಚೆಪ್ತೇ ಚಾಲಮ್ಮಾ,” ಎಂದರು. ಹೇಳಿದರೆ ಸಾಕು. “ಪೂಜೇಲಿ ವಸ್ತ್ರ ಇಲ್ಲ, ಒಡವೆ ಇಲ್ಲ ಅಂದ್ರೆ ಏನು ಮಾಡ್ತೀವಿ? ಅದರ ಬದಲಿಗೆ ಅಂತ ಹೇಳಿ ನಾಲ್ಕು ಅಕ್ಷತೆ ಹಾಕಲ್ವೇ? ದೇವರು ಒಪ್ಪಲ್ವೇ? ಇದೂ ಹಾಗೇ.”

“ದೇವರಿಗೆ ನಂಜಾಗಲ್ಲ ಸಾರ್,” ಎಂದೆ. “ಬಾಣಂತಿಗೆ ಆಗುತ್ತೆ.”

ಎಲ್ಲರೂ ನಕ್ಕರು, ಪ್ರೊಫೆಸರೂ ನಕ್ಕರು. ನನಗೆ ನಗು ಬರಲಿಲ್ಲ. ನೀರು ತರಿಸಿ, ಇಲ್ಲವೇ ಆ ಕೆಲಸವನ್ನೇ ಪರೀಕ್ಷೆಯಿಂದ ತೆಗೆಯಿರಿ ಎಂದು ಪಟ್ಟು ಹಿಡಿದೆ. ಅವರು ಎರಡನ್ನೂ ಮಾಡಲಿಲ್ಲ. ಆದರೆ ನಾನು ಹಿಂದೆ ಕೇಳಿಕೊಂಡಿದ್ದ ಒಂದು ಮಾತನ್ನು ಮರೆಯದೆ ಅಚ್ಚು ಹಾಕಿಸಿದ್ದರು: ಹೆರಿಗೆ ಕೋಣೆಯ ಕೆಲಸದಲ್ಲಿ ಫೇಲಾದವರು ಇಡೀ ಪರೀಕ್ಷೆಯಲ್ಲಿ ಫೇಲು. ಜೀವದ ಪ್ರಶ್ನೆ ಎಂದು ಕೇಳಿದ್ದೆ. ಅದು ಯಾರ ಕುತ್ತಿಗೆಗೆ ಬರುತ್ತದೆ ಎಂದು ನನಗೇನು ಗೊತ್ತಿತ್ತು?

ಪರೀಕ್ಷೆ ಕಲ್ಯಾಣದುರ್ಗದಲ್ಲಿ ನಡೆಯಿತು. ಬಿಸಿಲಿಗೆ ಊರು ಬೆಂದುಹೋಗಿತ್ತು. ಬೆಳಿಗ್ಗೆಯೇ ನಲ್ಲಿ ಒಣಗಿತ್ತು, ಹೆರಿಗೆಗೆಂದು ಕಾಯಿಸಿ ಮುಚ್ಚಿಟ್ಟ ಒಂದು ಪಾತ್ರೆ ನೀರು ಬಿಟ್ಟರೆ ಹೆರಿಗೆ ಕೋಣೆಯಲ್ಲಿ ಹನಿ ನೀರಿರಲಿಲ್ಲ. ನಮ್ಮ ಹುಡುಗರಿಗೆ ನಾವೇ ಅಂಕ ಹಾಕಬಾರದು ಎಂಬ ನ್ಯಾಯದಿಂದ ಹೆರಿಗೆ ಕೋಣೆಗೆ ಬೇರೆ ಊರಿನ ಕಾಲೇಜಿನಿಂದ ಒಬ್ಬ ಪರೀಕ್ಷಕರನ್ನು ಕರೆಸಿದ್ದರು. ನನ್ನನ್ನು ವರಾಂಡದಲ್ಲಿ ಹೊಲಿಗೆಯ ಮೇಜಿಗೆ ಹಾಕಿದ್ದರು. ಒಂದೊಂದು ಕೆಲಸ ಮುಗಿಯುವ ಹೊತ್ತಿಗೆ ಜವಾನ ಗಂಟೆ ಬಾರಿಸಬೇಕು, ಹುಡುಗರು ಮುಂದಿನ ಮೇಜಿಗೆ ಹೋಗಬೇಕು.

ಹೆರಿಗೆ ಕೋಣೆಯಲ್ಲಿ ಮಲಗಿದ್ದವಳು ಬ್ರಹ್ಮಸಮುದ್ರದ ಕಡೆಯವಳು. ಎರಡನೇ ಹೆರಿಗೆ. ಬೆಳಿಗ್ಗೆ ಬಸ್ಸಿನಲ್ಲೇ ನೀರು ಒಡೆದು ಬಂದಿದ್ದಳು. ಅಂಥವಳನ್ನು ಒಳಗೆ ಕೈ ಹಾಕಿ ಪದೇಪದೇ ನೋಡಬಾರದು. ಅದು ಪರೀಕ್ಷೆ ಮಾಡಲು ಬಂದಿದ್ದ ಎಲ್ಲ ದೊಡ್ಡವರಿಗೂ ಗೊತ್ತಿತ್ತು, ಕೇಳಿದ್ದರೆ ಬಾಯಲ್ಲಿ ಚೆನ್ನಾಗಿ ಹೇಳುತ್ತಿದ್ದರು. ಆ ಹೊತ್ತಿಗೆ ಬೇರೆ ಹೆಂಗಸು ನೋವು ಬಂದು ಮಲಗಿರಲಿಲ್ಲ ಎಂದು ಇವಳ ಮೇಲೇ ಶುರು ಮಾಡಿದ್ದರು. ನನಗೆ ಅದು ಗೊತ್ತಾದದ್ದು ಅವಳ ಅತ್ತೆ ನನ್ನ ಮೇಜಿನ ಹತ್ತಿರ ಬಂದು ನಿಂತಾಗ.

“ಅದೆಷ್ಟ್ ಜನ ನೋಡ್ತಾರಮ್ಮ ಒಬ್ಳುನ್ನ? ಒಬ್ರು ಬತ್ತಾರೆ, ಅದೇನೋ ಹೇಳ್ತಾರೆ, ಕೈ ಹಾಕ್ತಾರೆ, ಹೋಯ್ತಾರೆ. ಇನ್ನೊಬ್ರು ಬತ್ತಾರೆ.”

ಅವಳು ‘ಅದೇನೋ’ ಎಂದದ್ದು ಕೈ ತೊಳೆಯುವ ಮಾತು ಎಂದು ನನಗೆ ಕೂಡಲೇ ಹೊಳೆಯಿತು. ಸೂಜಿ ಕೆಳಗಿಟ್ಟು ಎದ್ದೆ. ಅಷ್ಟರಲ್ಲಿ ಮಗ್ಗದ ಮನೆಯ ಹುಡುಗಿ ಹೆರಿಗೆ ಕೋಣೆಯಿಂದ ಬಕೆಟ್ಟು ಹಿಡಿದುಕೊಂಡು ಹೊರಕ್ಕೆ ಬಂದಳು. ಬಿಳಿ ಕೋಟಿನಲ್ಲೇ ಮೆಟ್ಟಲಿಳಿದು ರಸ್ತೆ ದಾಟಿದಳು. ರಸ್ತೆಯಾಚೆ ಬೋರಿಂಗು ಪಂಪಿನ ಹತ್ತಿರ ಹೆಂಗಸರು ಬಿಂದಿಗೆಗಳ ಸಾಲು ಹಚ್ಚಿದ್ದರು. ಇವಳು ಏನು ಹೇಳಿದಳೋ, ಅವರು ಸಾಲು ಬಿಟ್ಟುಕೊಟ್ಟರು, ಒಬ್ಬಳು ಪಂಪನ್ನೂ ಹೊಡೆದುಕೊಟ್ಟಳು.

ನಾನು ಅವಳ ಹಿಂದೆಯೇ ಒಳಕ್ಕೆ ಹೋದೆ. ಪರೀಕ್ಷಕರು ಕೈಯಲ್ಲಿ ಹಾಳೆ ಹಿಡಿದು ಕೂತಿದ್ದರು. ನಡೆದದ್ದೇನೆಂದರೆ, ಇವಳು ಬಂದವಳೇ ನೀರೆಲ್ಲಿದೆ ಸಾರ್ ಎಂದು ಕೇಳಿದ್ದಾಳೆ. ಅವರು, ಹೇಳಿದರೆ ಸಾಕು, ಹೇಳಿಬಿಟ್ಟು ಮುಂದಿನದು ಮಾಡು ಎಂದಿದ್ದಾರೆ. ಇವಳು, ನೀರಿಲ್ಲದೆ ನಾನು ಕೈ ಹಾಕುವುದಿಲ್ಲ ಎಂದು ಬಕೆಟ್ಟು ಎತ್ತಿಕೊಂಡು ಹೊರಟಿದ್ದಾಳೆ. ಅವರು ಆಗಲೇ ‘ಮಾಡಲಿಲ್ಲ’ ಎಂದು ಗುರುತು ಹಾಕಿಬಿಟ್ಟಿದ್ದಾರೆ. ಈಗ ಮೂಲೆಯಲ್ಲಿ ನಿಂತು ತೊಳೆಯುತ್ತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಬೆರಳ ಸಂದು, ಉಗುರಿನ ಅಂಚು, ಮೊಣಕೈ. ತೊಳೆದು ಗ್ಲೌಸು ಹಾಕಿಕೊಳ್ಳುವಷ್ಟರಲ್ಲಿ ಗಂಟೆ ಬಾರಿಸಿತು.

“ಟೈಮ್ ಅಯ್ಪೋಯಿಂದಮ್ಮಾ,” ಎಂದರು ಪರೀಕ್ಷಕರು. ಹೊತ್ತು ಮುಗಿಯಿತಂತೆ. ಹೆರಿಗೆಯ ಹೆಂಗಸಿಗೆ ಆ ಗಂಟೆ ಕೇಳಿಸಿರಲಿಲ್ಲ. ಅವಳು ಹಲ್ಲು ಕಚ್ಚಿ ತಿಣುಕತೊಡಗಿದಳು. ಹುಡುಗಿ ಮಂಚದ ಹತ್ತಿರ ಹೋಗಿ ನೋಡಿ, “ಮೇಡಂ, ತಲೆ ಬಂದುಬಿಟ್ಟಿದೆ,” ಎಂದಳು. ಪರೀಕ್ಷಕರು ಹಾಳೆಗಳನ್ನು ಎತ್ತಿಕೊಂಡು ವರಾಂಡಕ್ಕೆ ನಡೆದರು. ಮಗು ಅವಳ ಕೈಯಲ್ಲೇ ಹುಟ್ಟಿತು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ, ನನ್ನ ಕೈ ಬೇಕಾಗಲಿಲ್ಲ. ಗಂಟೆಯಾದ ಮೇಲೆ ಹುಟ್ಟಿದ ಮಗುವಾದ್ದರಿಂದ ಅದಕ್ಕೆ ಅಂಕವಿರಲಿಲ್ಲ.

ಎರಡು ಮೂರು ದಿನಕ್ಕೆ ಬಾಣಂತಿಗೆ ಜ್ವರ ಬಂತು. ಮೈ ಕಾದ ಹೆಂಚಾಯಿತು, ಹೊಟ್ಟೆ ಮುಟ್ಟಿಸಿಕೊಳ್ಳಲಾರಳು. ನಾನು ಹಿಂದೂಪುರದ ಕೆಲಸ ಬಿಟ್ಟು ಅಲ್ಲೇ ಉಳಿದೆ. ಅವಳು ಬದುಕಿದಳು, ಆದರೆ ಹಾಲು ಬತ್ತಿಹೋಯಿತು. ಯಾರ ಬೆರಳಿನಿಂದ ಆಯಿತು ಎಂದು ತೋರಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ. ಹಾಳೆಗಳ ಪ್ರಕಾರ ಎಲ್ಲರೂ ಕೈ ತೊಳೆದಿದ್ದರು. ತೊಳೆಯಲಿಲ್ಲ ಎಂದು ಇದ್ದದ್ದು ಒಬ್ಬಳ ಹಾಳೆಯಲ್ಲಿ ಮಾತ್ರ. ಹೇಳು ಎಂದಾಗ ಹೇಳದವಳ ಹಾಳೆಯಲ್ಲಿ.

ಇಷ್ಟು ಅನ್ಯಾಯವನ್ನು ಕಮಿಟಿ ಕಣ್ಣು ಮುಚ್ಚಿಕೊಂಡು ಒಪ್ಪಲಾರದು ಎಂದು ನಂಬಿದ್ದೆ. ಕಮಿಟಿ ಕಣ್ಣು ತೆರೆದುಕೊಂಡೇ ಒಪ್ಪಿತು. ನಾನು ಮೇಜು ಗುದ್ದಿದೆ, ಬಾಯಿಗೆ ಬಂದಂತೆ ಮಾತನಾಡಿದೆ. ಬಾಣಂತಿ ಸಾಯುತ್ತಿದ್ದಳು ಎಂದೆ. ಜ್ವರಕ್ಕೆ ನೂರು ಕಾರಣವಿರುತ್ತದೆ ಎಂದರು. ಒಬ್ಬಳೇ ಒಬ್ಬಳು ಕೆಲಸ ಸರಿಯಾಗಿ ಮಾಡಿದಳು, ಅವಳನ್ನೇ ಫೇಲು ಮಾಡುತ್ತೀರಲ್ಲ, ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದೆ. ಪ್ರೊಫೆಸರು ನೊಂದುಕೊಂಡವರಂತೆ ಕನ್ನಡಕ ತೆಗೆದರು.

“ನಿಯಮ ಎಲ್ಲರಿಗೂ ಒಂದೇ ಅಲ್ವೇನಮ್ಮಾ? ಒಬ್ಬಳಿಗೆ ಬಿಟ್ಟುಕೊಟ್ಟರೆ ಪರೀಕ್ಷೆಗೆ ಏನು ಮರ್ಯಾದೆ? ಹುಡುಗಿ ಹಟಮಾರಿ. ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿದುಹೋಗ್ತಿತ್ತಲ್ಲ?”

ಹುಡುಗಿ ಮತ್ತೆ ಆ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕು, ಮತ್ತೆ ಪರೀಕ್ಷೆಗೆ ನಿಲ್ಲಬೇಕು ಎಂದು ಬರೆದರು. ಆ ವರ್ಷದ ಪಿ.ಜಿ. ಪರೀಕ್ಷೆ ಅವಳ ಕೈತಪ್ಪಿತು. ಜೊತೆಯವರೆಲ್ಲ ಸರ್ಟಿಫಿಕೇಟು ತೆಗೆದುಕೊಂಡು ಹೋದರು. ಆ ಚಿನ್ನದ ಪದಕದ ಹುಡುಗ ಈ ಪರೀಕ್ಷೆ ಹುಟ್ಟುವ ಮುಂಚೆಯೇ ತೃಪ್ತಿಕರ ಎನ್ನಿಸಿಕೊಂಡು ಹೋಗಿದ್ದ, ಅದು ಬೇರೆ ಮಾತು.

ಒಂದು ಭಾನುವಾರ ಅವಳ ತಂದೆ ನಮ್ಮ ಮನೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಚೆನ್ನಾಗಿ ಒಗೆದ ಪಂಚೆ, ಹೆಗಲ ಮೇಲೆ ಟವಲು.

“ಏನ್ ತಪ್ಪು ಮಾಡಿದ್ಲಮ್ಮ ನಮ್ಮುಡುಗಿ?” ಎಂದು ಕೇಳಿದರು.

“ಏನೂ ಮಾಡ್ಲಿಲ್ಲ. ಕೈ ತೊಳ್ಕೊಂಡ್ಳು, ಅದಕ್ಕೆ ಹೊತ್ತಾಯ್ತು,” ಎಂದೆ.

ನನ್ನ ಮಾತು ನನಗೇ ಹುಚ್ಚು ಮಾತಿನಂತೆ ಕೇಳಿಸಿತು. ಮತ್ತೆ ಬಿಡಿಸಿ ಹೇಳಿದೆ. ನೀರಿರಲಿಲ್ಲ, ತಂದಳು, ತೊಳೆದಳು, ಗಂಟೆ ಬಾರಿಸಿತು.

“ಕೈ ತೊಳ್ಕಂಡಿದ್ದಕ್ಕೆ ಯಾರಾದ್ರೂ ಫೇಲ್ ಮಾಡ್ತಾರಾ?” ಎಂದರು. “ನನ್ತಾವ ಮುಚ್ಚಿಡ್ಬೇಡಿ ಕಣಮ್ಮ. ಅವ್ಳೂ ಇದ್ನೇ ಹೇಳ್ತಾಳೆ, ನೀವೂ ಇದ್ನೇ ಹೇಳ್ತೀರಿ. ಏನಾದ್ರೂ ಆಗ್ಬಾರದ್ದು ಆಗ್ಬುಟ್ಟಿದ್ರೆ ಹೇಳ್ಬುಡಿ. ಹೆಣ್ಣುಡುಗಿ.”

ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಹೇಗೆ ನಂಬುತ್ತಾರೆ? ದೊಡ್ಡ ದೊಡ್ಡ ಓದಿನ ಡಾಕ್ಟರುಗಳೆಲ್ಲ ಕೂಡಿ ಇಷ್ಟು ಮೂರ್ಖ ಕೆಲಸ ಮಾಡಿದ್ದಾರೆ ಎನ್ನುವುದಕ್ಕಿಂತ ಮಗಳೇ ಏನೋ ಮರ್ಯಾದೆಗೆಟ್ಟ ಕೆಲಸ ಮಾಡಿದ್ದಾಳೆ ಎಂದು ನಂಬುವುದು ಅವರಿಗೆ ಸುಲಭವಾಗಿತ್ತು. ಕಾಫಿ ಕುಡಿಯದೆ ಹೋದರು. ಆಮೇಲೆ ಮನೆಯಲ್ಲಿ ಅವಳ ಜೊತೆ ಮಾತು ನಿಂತಿದೆ ಎಂದು ಕೇಳಿದೆ. ಪ್ರೊಫೆಸರನ್ನು ಕ್ಷಮಿಸುವ ಯೋಚನೆ ಬಂದಾಗಲೆಲ್ಲ ನನಗೆ ಆ ಭಾನುವಾರ ನೆನಪಾಗುತ್ತದೆ, ಯೋಚನೆ ಅಲ್ಲಿಗೇ ನಿಲ್ಲುತ್ತದೆ.

ಹುಡುಗಿ ಮತ್ತೆ ನನ್ನ ವಾರ್ಡಿಗೇ ಬಂದಳು. ಹೇಳಿದ ಕೆಲಸ ಮಾಡುತ್ತಿದ್ದಳು, ನಗುತ್ತಿರಲಿಲ್ಲ. ನಾನು ಮಾತ್ರ ಈ ಸಲ ಬಿಡಬಾರದು ಎಂದು ಟೊಂಕ ಕಟ್ಟಿದೆ. ಕಮಿಟಿಯ ಬೆನ್ನು ಹತ್ತಿ ಎರಡು ಮಾತು ಒಪ್ಪಿಸಿದೆ. ಒಬ್ಬ ಹೆಂಗಸನ್ನು ಒಬ್ಬರೇ ಪರೀಕ್ಷಿಸಬೇಕು, ಹೆರಿಗೆ ಕೋಣೆಯಲ್ಲಿ ಹೊರಗಿನ ಪರೀಕ್ಷಕರ ಜೊತೆ ನಾನೂ ನಿಲ್ಲಬೇಕು. ಮೂರನೆಯ ಕಾಲಮ್ಮನ್ನು ತೆಗೆಯಲು ಮಾತ್ರ ಒಪ್ಪಲಿಲ್ಲ. ಅಚ್ಚಾದ ಹಾಳೆ ಬಹಳ ಉಳಿದಿವೆ ಎಂದರು. ಆಗಲಿ ಎಂದು ನಾನು ಕಲ್ಯಾಣದುರ್ಗದ ಹೆರಿಗೆ ಕೋಣೆಗೆ ಒಂದು ದೊಡ್ಡ ಡ್ರಮ್ಮು ಇಡಿಸಿದೆ, ಕೆಳಗೆ ನಲ್ಲಿ ಕೂರಿಸಿದೆ. ಪರೀಕ್ಷೆಯ ಹಿಂದಿನ ದಿನ ಟ್ಯಾಂಕರಿನವನನ್ನು ಕಾದು ತುಂಬಿಸಿದೆ. ಹೊಸ ಸೋಪು ಇಟ್ಟೆ. ನೀರಿಲ್ಲ ಎಂದು ಹೇಳುವುದಕ್ಕೆ ಯಾರಿಗೂ ಬಾಯಿ ಇರಬಾರದು.

ಅವಳ ಸರದಿ ಬಂತು. ಮಂಚದ ಮೇಲೆ ತುಂಬಿದ ಬಸುರಿ, ನೋವು ಆಗತಾನೇ ಹತ್ತಿತ್ತು. ಡ್ರಮ್ಮು ಬಾಗಿಲ ಪಕ್ಕದಲ್ಲೇ ಇತ್ತು, ಅದನ್ನು ದಾಟಿಕೊಂಡೇ ಅವಳು ಒಳಕ್ಕೆ ಬಂದಳು. ಗೋಡೆಯ ಗಡಿಯಾರ ನೋಡಿದಳು. ಪರೀಕ್ಷಕರ ಮುಂದೆ ಕೈ ಕಟ್ಟಿ ನಿಂತು, “ನಾನೀಗ ಕೈ ತೊಳೆದುಕೊಳ್ಳುತ್ತೇನೆ ಸಾರ್,” ಎಂದು ತೆಲುಗಿನಲ್ಲಿ ಹೇಳಿದಳು. ಪಾಠ ಒಪ್ಪಿಸಿದ ಹಾಗೆ. ಪರೀಕ್ಷಕರು ಮೂರನೆಯ ಕಾಲಮ್ಮಿನಲ್ಲಿ ಗುರುತು ಹಾಕಿದರು. ಅವಳು ಗ್ಲೌಸಿಗೆ ಕೈ ನೀಡಿದಳು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

“ನೀರಿದೆಯಲ್ಲೇ!” ಎಂದೆ.

“ಗೊತ್ತು ಮೇಡಂ.”

“ಮತ್ತೆ?”

ಅವಳು ನನ್ನ ಕಡೆ ನೋಡದೆ, ಪರೀಕ್ಷಕರಿಗೆ ತಿಳಿಯದ ನಮ್ಮ ಕನ್ನಡದಲ್ಲಿ, ಬಹಳ ಮೆಲ್ಲಗೆ ಕೇಳಿದಳು: “ಇನ್ನೊಂದ್ ಸಲ ಫೇಲ್ ಮಾಡಿಸ್ತೀರಾ ಮೇಡಂ?”

ನಾನು ಅವಳ ಕೈ ಬಿಡಲಿಲ್ಲ. ಅವಳು ಬಿಡಿಸಿಕೊಳ್ಳಲು ನೋಡಿದಳು. ನಾವಿಬ್ಬರೂ ಹಾಗೆ ಎಳೆದಾಡುತ್ತಾ ನಿಂತಿರುವುದನ್ನು ಮಂಚದ ಮೇಲಿನ ಹೆಂಗಸು ಕತ್ತೆತ್ತಿ ನೋಡಿದಳು. ಅವಳಿಗೆ ನಮ್ಮ ಮಾತು ತಿಳಿದಿತ್ತು.

“ತೊಳ್ಕಂಡ್ ಬಾ ಕಣಮ್ಮ,” ಎಂದಳು. “ಈ ಹೊಟ್ಟೆ ಹೊತ್ಕಂಡು ನಾನೆಲ್ಲಿಗ್ ಓಡೋಯ್ತೀನಿ?”

ನಾನೇ ಅವಳನ್ನು ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿದೆ. ತೊಳೆದಳು. ಒಂದು ಬೆರಳೂ ಬಿಡಲಿಲ್ಲ, ಅವಳಿಗೆ ಬರುವ ಹಾಗೆಯೇ ತೊಳೆದಳು. ಆದರೆ ಕಣ್ಣು ಗಡಿಯಾರದ ಮೇಲೆ ನೆಟ್ಟಿತ್ತು. ಗಂಟೆ ಬಾರಿಸುವ ಮುಂಚೆ ಕೆಲಸ ಮುಗಿಸಲು ಬಹಳ ಅವಸರಪಟ್ಟಳು. ಹೇಗೋ ಮುಗಿಸಿದಳು.

“ಯಾಕೆ ಮೇಡಂ ಅವಳ ಟೈಮ್ ಹಾಳು ಮಾಡಿದ್ರಿ?” ಎಂದು ಪರೀಕ್ಷಕರು ಆಮೇಲೆ ತೆಲುಗಿನಲ್ಲಿ ನನ್ನನ್ನೇ ತರಾಟೆಗೆ ತೆಗೆದುಕೊಂಡರು. “ನಾನು ಆಗಲೇ ಎರಡು ಅಂಕ ಹಾಕಿಯಾಗಿತ್ತು.”

ಹುಡುಗಿ ಪಾಸಾದಳು. ಸರ್ಟಿಫಿಕೇಟು ಸಿಕ್ಕಿದ ದಿನ ಅವಳ ತಂದೆಯೂ ಜೊತೆಗೆ ಬಂದಿದ್ದರು. ಕಮಿಟಿಯ ಪ್ರೊಫೆಸರು 'ತೃಪ್ತಿಕರ' ಎಂದು ತಾವೇ ಬರೆದು ಸಹಿ ಹಾಕಿ, ಅವಳ ತಲೆ ಸವರಿ, “ಈಗ ಕಲಿತೆ ನೋಡು ತಾಯಿ,” ಎಂದರು. ಅವಳು ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದಳು. ತಂದೆ ಕಣ್ಣೊರೆಸಿಕೊಂಡು ಅವರಿಗೆ ಕೈ ಮುಗಿದರು.